ಇದ್ದದ್ದು ಇದ್ದಂಗ

ಬೈಲಹೊಂಗಲ ಬಜಾರದ ನಿಜಗುಣ ಗ್ರಾಫಿಕ್ಸ್ ಅಂಗಡಿಯ ಕಂಪ್ಯೂಟರಿಗೆ ಒಂದು ಕಾಯಿಲೆಯಿತ್ತು. ಅದು ಪ್ರಶ್ನೆ ಕೇಳುತ್ತಿತ್ತು. ಉತ್ತರ ಬರುವಷ್ಟರಲ್ಲಿ, ತಾನು ಯಾವುದರ ಬಗ್ಗೆ ಕೇಳಿದ್ದೆ ಎಂಬುದನ್ನೇ ಮರೆತುಬಿಡುತ್ತಿತ್ತು.

ಕಾಯಿಲೆ ಹುಟ್ಟಿನಿಂದ ಬಂದದ್ದಲ್ಲ. ನಿಂಗರಾಜ ಅಂಟಿಸಿದ್ದು.

ನಿಂಗರಾಜ ಆ ಅಂಗಡಿಯ ಟೈಪಿಸ್ಟು, ಡಿಸೈನರು, ಪ್ರಿಂಟರಿನ ಗಂಟಲಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವ ವೈದ್ಯ, ಎಲ್ಲವೂ. ಬಿ.ಸಿ.ಎ. ಮುಗಿಸಿದ್ದ. ಕಲಿತದ್ದಕ್ಕೆ ತುಕ್ಕು ಹಿಡಿಯಬಾರದೆಂದು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಒಂದು ಟೆಕ್ಸ್ಟ್ ಎಡಿಟರ್ ಇಳಿಸಿಕೊಂಡು, ಅದಕ್ಕೆ ತನ್ನದೇ ಕೋಡು ಬರೆದು ಸೇರಿಸುತ್ತಿದ್ದ. ಮೊದಲ ದಿನ ಅವನು, "ಮಾಲಕರ, ಫುಕಟ್ ಎಡಿಟರ್ ಸಿಕ್ಕೈತ್ರಿ" ಎಂದಾಗ ಮಾಲಕ ನಿಜಗುಣಪ್ಪ ಬಾಗಿಲ ಕಡೆ ನೋಡಿ, "ಫುಕಟ್ ಬಂದಾಂವ ನಾಳೆ ಪಗಾರ ಕೇಳತಾನ. ಚಾ ಕುಡಿಸಿ ಕಳಸು" ಎಂದಿದ್ದ.

ಅಂಗಡಿಗೆ ಹೆಚ್ಚಾಗಿ ಬರುತ್ತಿದ್ದದ್ದು ಮಾನಪತ್ರದ ಕೆಲಸ. ಕಿತ್ತೂರಿನಿಂದ ರಾಮದುರ್ಗದ ತನಕ ಪ್ರತಿ ವಾರ ಯಾರಾದರೊಬ್ಬರು ನಿವೃತ್ತರಾಗುತ್ತಿದ್ದರು, ಇಲ್ಲವೆ ಅರವತ್ತು ತುಂಬಿಸಿಕೊಳ್ಳುತ್ತಿದ್ದರು, ಇಲ್ಲವೆ ಯಾವ ಕಾರಣವೂ ಇಲ್ಲದೆ ಸನ್ಮಾನ ಮಾಡಿಸಿಕೊಳ್ಳುತ್ತಿದ್ದರು. ಎಲ್ಲರಿಗೂ ಒಂದೇ ಮಾನಪತ್ರ. ಮಾಸ್ತರರಾದರೂ ಸರಿ, ಲೈನ್‌ಮನ್ ಆದರೂ ಸರಿ, "ಬಾಲ್ಯದಿಂದಲೇ ಪ್ರತಿಭಾವಂತರು", "ನುಡಿದಂತೆ ನಡೆದವರು". ಹೆಸರು, ಊರು, ಸಾಧನೆ ಇರಬೇಕಾದ ಕಡೆ ಮಾತ್ರ ಖಾಲಿ ಗೆರೆ. ನಿಂಗರಾಜನ ಕೋಡು ಒಂದೊಂದೇ ಖಾಲಿ ಗೆರೆಯನ್ನು ಹುಡುಕಿ, ಅಲ್ಲಿ ನಿಂತು, ಪರದೆಯ ಕೆಳಗಡೆ "ಇಲ್ಲಿ ಏನು ಬರೆಯಲಿ?" ಎಂದು ಕೇಳುತ್ತಿತ್ತು. ಹೇಳಿದ್ದನ್ನು ತುಂಬಿ ಮುಂದಿನ ಗೆರೆಗೆ ಹೋಗುತ್ತಿತ್ತು.

ತೊಂದರೆ ಇದ್ದದ್ದು ಒಂದೇ. ಗೆರೆ ಎಲ್ಲಿ ಸಿಕ್ಕಿತು ಎಂಬ ನೆನಪನ್ನು ಅದು ಒಂದೇ ಜಾಗದಲ್ಲಿ ಇಟ್ಟುಕೊಳ್ಳುತ್ತಿತ್ತು. ತೆರೆದಿಟ್ಟ ಫೈಲು ಎಷ್ಟೇ ಇರಲಿ, ಎಲ್ಲಕ್ಕೂ ಸೇರಿ ಅದೊಂದೇ ನೆನಪು. ಪ್ರಶ್ನೆ ಕೇಳಿ ಅದು ಕಾಯುತ್ತಿರುವಾಗ ಯಾರಾದರೂ ಇನ್ನೊಂದು ಫೈಲಿಗೆ ಹೋಗಿ ಅಲ್ಲೇನಾದರೂ ಹುಡುಕಿದರೆ, ಹಳೆಯ ನೆನಪಿನ ತಲೆಯ ಮೇಲೆ ಹೊಸದು ಕುಳಿತುಬಿಡುತ್ತಿತ್ತು. ಖಾನಾವಳಿಯಲ್ಲಿ ಬಡಿಸುವವನು ನಿಮ್ಮನ್ನು "ಮಜ್ಜಿಗಿ ಹಾಕಲ್ರಿ?" ಎಂದು ಕೇಳಿ, ಅಷ್ಟರಲ್ಲಿ ಯಾರೋ ಕರೆದರೆಂದು ಆ ಕಡೆ ತಿರುಗಿ, ನೀವು "ಹಾಕ್ರಿ" ಎಂದಾಗ ಅಲ್ಲಿದ್ದವರ ಹೋಳಿಗೆಯ ಮೇಲೆ ಸುರಿದ ಹಾಗೆ.

ಒಂದು ಹೊತ್ತಿಗೆ ಒಂದೇ ಕೆಲಸವಿದ್ದಷ್ಟು ದಿನ ಕಾಯಿಲೆ ಹೊರಬೀಳಲಿಲ್ಲ. ಹೊರಬಿದ್ದದ್ದು ಒಂದು ಭಾನುವಾರ, ಬಸವಲಿಂಗಪ್ಪನವರ ಅರವತ್ತನೆಯ ಹುಟ್ಟುಹಬ್ಬದಂದು.

ಬಸವಲಿಂಗಪ್ಪನವರು ಸಂಪಗಾಂವದ ಒಂದು ಸಹಕಾರಿ ಸಂಘದ ಅಧ್ಯಕ್ಷರು. ನಿಂಗರಾಜನ ಮಟ್ಟಿಗೆ ಅದಕ್ಕಿಂತ ದೊಡ್ಡ ಪದವಿಯೆಂದರೆ ಅವರು ಮಂಜುಳಾಳ ಅಪ್ಪ. ಮಂಜುಳಾ ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಪ್ರಶ್ನೆಪತ್ರಿಕೆ ಟೈಪು ಮಾಡಿಸಲು ಅಂಗಡಿಗೆ ಬರುತ್ತಿದ್ದಳು. 'ಬಿಟ್ಟ ಸ್ಥಳ ತುಂಬಿರಿ' ಎಂಬಲ್ಲಿ ಶುರುವಾದ ಪರಿಚಯ 'ಹೊಂದಿಸಿ ಬರೆಯಿರಿ' ಎಂಬಲ್ಲಿಗೆ ಬಂದು ನಿಂತಿತ್ತು. ಅಲ್ಲಿಂದ ಮುಂದೆ ಹೋಗಿರಲಿಲ್ಲ. "ಅಪ್ಪನ್ನ ಬಂದು ಕೇಳು" ಎಂದು ಅವಳು ಹೇಳುತ್ತಲೇ ಇದ್ದಳು. "ಮುಂದಿನ ವಾರ ಕೇಳತೇನಿ" ಎಂದು ಇವನೂ ಹೇಳುತ್ತಲೇ ಇದ್ದ. ಕಡೆಗೆ ಅವಳು, "ನಿನಗಿಂತ ನಿನ್ನ ಕಂಪ್ಯೂಟರ್ ಛಲೋ. ಅದಕ್ಕ ಕೇಳಾಕರ ಬರತೈತಿ" ಎಂದು ಮುನಿಸಿಕೊಂಡು ಹೋಗಿದ್ದಳು.

ಆ ಭಾನುವಾರ ಬೆಳಿಗ್ಗೆ ಬಸವಲಿಂಗಪ್ಪನವರೇ ಅಂಗಡಿಗೆ ಬಂದು ನಿಂಗರಾಜನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಸಂಜೆ ಅವರ ಸನ್ಮಾನ. ತಮ್ಮ ಮಾನಪತ್ರವನ್ನು ತಾವೇ ಬರೆಸಲು ಬಂದಿದ್ದರು.

"ನನಗ ಹೊಗಳಿಕಿ ಅಂದ್ರ ಆಗೂದಿಲ್ಲ ತಮ್ಮಾ" ಎಂದು ಶುರುಮಾಡಿದರು. "ಏನ್ ಮಾಡೂದು, ಕಮಿಟಿಯವರು ಬಿಡವಲ್ಲರು. ಬರಕೊ. 'ಪ್ರಚಾರದಿಂದ ಸದಾ ದೂರ ಉಳಿದವರು.' ಅದನ್ನ ಸ್ವಲ್ಪ ದಪ್ಪ ಅಕ್ಷರದಾಗ ಹಾಕು, ಹಿಂದ ಕುಂತವರಿಗೂ ಕಾಣಬೇಕು."

"ಸ್ವಭಾವ ಏನಂತ ಬರೀಲ್ರಿ?"

"ಸರಳ. ಭಾಳ ಸರಳ. ಜಿಲ್ಲಾದಾಗ ಇಷ್ಟು ಸರಳ ಮನುಷ್ಯಾ ಇನ್ನೊಬ್ಬ ಇಲ್ಲ ಅಂತ ಬರದ್ರೂ ನಡೀತೈತಿ."

ನಿಂಗರಾಜ ಗಂಟಲು ಸರಿಮಾಡಿಕೊಂಡ. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ ಎನಿಸಿತು. "ಸಾಹುಕಾರ್ರ, ಒಂದ ಮಾತು ಕೇಳೂದಿತ್ರಿ..."

"ಕೇಳು."

ಅವರ ಮೀಸೆ ನೋಡಿದ. ಮೀಸೆಯ ಮೇಲಿನ ಕಣ್ಣು ನೋಡಿದ. "ಅಧ್ಯಕ್ಷ ಆದದ್ದು ಎಷ್ಟ ಸಲ ಅಂತ ಹಾಕಲ್ರಿ?"

"ಪ್ರತಿ ಸಲ. ಸತತ ಅವಿರೋಧ ಆಯ್ಕೆ ಅಂತ ಹಾಕು."

ಅಷ್ಟರಲ್ಲಿ ಬಾಗಿಲು ತುಂಬ ಒಬ್ಬ ಮನುಷ್ಯ ಬಂದು ನಿಂತ. ಕಟಕೋಳದ ಲಗಮಣ್ಣ. ಅವನಿಗಿಂತ ಅವನ ಹೋರಿ ಹೆಸರುವಾಸಿ. ಹೋರಿಯ ಹೆಸರು ಸರದಾರ. ಬಂಡಿ ಓಟದ ಪಂದ್ಯಗಳಲ್ಲಿ ಸೋತದ್ದೇ ಇಲ್ಲ. ಅದರ ಸಂತಾನ ಬೇಕೆಂದು ಜನ ದೂರದೂರದಿಂದ ಲಗಮಣ್ಣನ ಮನೆಗೆ ಬರುತ್ತಿದ್ದರು.

"ಸಂಜೀಕ ಮುಧೋಳದಿಂದ ದೊಡ್ಡಮಂದಿ ಹೋರಿ ನೋಡಾಕ ಬರಾಕ ಹತ್ತ್ಯಾರ" ಎಂದ ಲಗಮಣ್ಣ. "ಮನಿ ಮುಂದ ಒಂದು ಬ್ಯಾನರ್ ಬೇಕ್ರಿ. ಹೋರಿ ಫೋಟೋ, ತಳಿ, ಹಲ್ಲು, ಗುಣ, ಏನ್ ತಿಂತೈತಿ, ಎಲ್ಲಾ ಇರಬೇಕು. ಈಗಿಂದೀಗ."

ನಿಜಗುಣಪ್ಪನ ಬಾಯಲ್ಲಿ ಇಲ್ಲ ಎಂಬ ಶಬ್ದ ಹುಟ್ಟಿರಲಿಲ್ಲ. "ಕುಂತ್ಕೋರಿ" ಎಂದು ಲಗಮಣ್ಣನನ್ನು ನಿಂಗರಾಜನ ಇನ್ನೊಂದು ಮಗ್ಗುಲಿಗೆ ಕೂರಿಸಿದ. "ಎರಡೂ ಒಮ್ಮೇಲೆ ಹೊಡಿಯೋ ನಿಂಗ್ಯಾ. ನಮ್ಮಪ್ಪ ಮೊಳಿ ಜೋಡಿಸಿ ಅಚ್ಚು ಹಾಕೂ ಕಾಲಕ್ಕನ ಮೂರು ಲಗ್ನಪತ್ರ ಒಮ್ಮೇಲೆ ಮಾಡತಿದ್ದ. ನಿನ್ನ ಹಂತ್ಯಾಕ ಕಂಪ್ಯೂಟರ್ ಐತಿ."

ಹೀಗೆ ಎಡಗಿವಿಗೆ ಅಧ್ಯಕ್ಷರು, ಬಲಗಿವಿಗೆ ಹೋರಿ. ಮಾನಪತ್ರದ ಫೈಲು ಪ್ರಶ್ನೆ ಕೇಳಿ ಕಾಯುತ್ತಿದ್ದಾಗ ಅಧ್ಯಕ್ಷರಿಗೆ ಫೋನು ಬರುತ್ತಿತ್ತು. ಅವರು "ಹಲೋ" ಎನ್ನುವುದರೊಳಗೆ ಲಗಮಣ್ಣ ಮೊಣಕೈಯಿಂದ ತಿವಿದು, "ಆರು ಹಲ್ಲು ಬರಕೋರಿ" ಎನ್ನುತ್ತಿದ್ದ. ನಿಂಗರಾಜ ಹೋರಿಯ ಫೈಲಿಗೆ ಹಾರಿ ಹಲ್ಲಿನ ಗೆರೆ ಹುಡುಕುತ್ತಿದ್ದ. ಅಧ್ಯಕ್ಷರು ಫೋನಿಟ್ಟು, "ಎಲ್ಲಿದ್ವಿ?" ಎನ್ನುತ್ತಿದ್ದರು. ಇವನು ಈ ಕಡೆ ಹಾರುತ್ತಿದ್ದ. ಒಂದು ಗಳಿಗೆ ಅವನಿಗೆ ತಾನು ಯಾರ ಹಲ್ಲಿನ ಬಗ್ಗೆ ಯೋಚಿಸುತ್ತಿದ್ದೇನೆ ಎಂಬುದೇ ತಿಳಿಯದಾಯಿತು. ಕಂಪ್ಯೂಟರಿಗಂತೂ ಮೊದಲೇ ತಿಳಿದಿರಲಿಲ್ಲ.

ಅಧ್ಯಕ್ಷರು, "ಒಂದು ಫೋಟೋ ಕಳಿಸ್ರಿ, ನೋಡಿ ಹೇಳತೇನಿ" ಎಂದು ಊರಿಗೆ ಹೊರಟುಹೋದರು. ನಿಂಗರಾಜ ಓದಿ ನೋಡುವ ಮೊದಲೇ ನಿಜಗುಣಪ್ಪ ಪರದೆಯ ಫೋಟೋ ತೆಗೆದು ಅವರ ವಾಟ್ಸಪ್ಪಿಗೆ ಕಳಿಸಿಬಿಟ್ಟ. ಗಿರಾಕಿಗೆ ತಡಮಾಡಬಾರದೆಂಬುದು ಅವನ ನೇಮ.

ಮೊದಲು ಬಾಯಿಬಿಟ್ಟವನು ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ಸಂಜು. ತನ್ನ ಅಂಗಡಿಯಲ್ಲಿ ಕೂರುವುದಕ್ಕಿಂತ ಇಲ್ಲಿ ನಿಲ್ಲುವುದೇ ಅವನಿಗೆ ಹೆಚ್ಚು. ಪರದೆಗೆ ಮೂಗು ತಾಗಿಸಿ ಹೋರಿಯ ಬ್ಯಾನರನ್ನು ಗಟ್ಟಿಯಾಗಿ ಓದಿದ.

"ಕಟಕೋಳದ ಹೆಮ್ಮೆ ಸರದಾರ. ಸ್ವಭಾವ: ಪ್ರಚಾರದಿಂದ ಸದಾ ದೂರ ಉಳಿದವರು. ಸಾಧನೆ: ಸಂಘದ ಅಧ್ಯಕ್ಷ ಸ್ಥಾನಕ್ಕೆ ಸತತ ಅವಿರೋಧ ಆಯ್ಕೆ."

ಲಗಮಣ್ಣ ಚಹಾದ ಕಪ್ಪನ್ನು ನಿಧಾನಕ್ಕೆ ಕೆಳಗಿಟ್ಟ. "ನಮ್ಮ ಸರದಾರ ಎಲೆಕ್ಷನ್‌ಕ ನಿಂತದ್ದು ನನಗ ಗೊತ್ತ ಇಲ್ಲಲ್ಲ" ಎಂದ. ಆಮೇಲೆ ಸ್ವಲ್ಪ ಯೋಚಿಸಿ, "ಅವಿರೋಧ ಅನ್ನೂದೊಂದು ಖರೆ. ಅದರ ಎದುರಿಗೆ ಯಾಂವ ನಿಂದರತಾನ್ರಿ?" ಎಂದ.

ನಿಂಗರಾಜ ಮೌಸಿಗೆ ಕೈ ಹಾಕಿದ. ಹೋರಿಗೆ ಅಧ್ಯಕ್ಷರು ಬಂದಿದ್ದರೆ ಅಧ್ಯಕ್ಷರಿಗೆ ಏನು ಬಂದಿರಬೇಕು? ಮಾನಪತ್ರ ತೆರೆದು ನೋಡಿದ.

"ಬಾಲ್ಯದಿಂದಲೇ ಪ್ರತಿಭಾವಂತರಾದ ಶ್ರೀಯುತರು ಆರು ಹಲ್ಲಿನವರು. ಇವರ ನಿರಂತರ ಸೇವೆಯ ಹಿಂದಿನ ಸ್ಫೂರ್ತಿ ಹತ್ತಿಕಾಳು ಹಿಂಡಿ ಮತ್ತು ನೆನೆಸಿದ ಹುರುಳಿ. ಹೆಣ್ಣುಮಕ್ಕಳು ಹಗ್ಗ ಹಿಡಿದರೂ ಸುಮ್ಮನೆ ಬರುವರು. ಯಾರನ್ನೂ ಹಾಯುವುದಿಲ್ಲ."

ನಿಜಗುಣಪ್ಪನ ಫೋನು ಹೊಡೆದುಕೊಂಡಿತು. ಕಿವಿಗೆ ಇಟ್ಟುಕೊಳ್ಳುವ ಅಗತ್ಯವಿರಲಿಲ್ಲ. ಬಜಾ‌ರಿನ ಅರ್ಧಕ್ಕೆ ಕೇಳುತ್ತಿತ್ತು.

"ನಿಜಗುಣಪ್ಪಾ! ನಾ ಹಿಂಡಿ ತಿಂತೇನು?"

"ಇಲ್ಲರೀ ಸಾಹುಕಾರ್ರ, ಅದು..."

"ಹಾಯೂದಿಲ್ಲ ಅಂತ ಬರದೀರಿ! ಇವತ್ತು ಸಂಜೀಕ ನೋಡ್ರಿ, ಹಾಯತೇನೋ ಇಲ್ಲೋ!"

ಅವರ ಬೈಗುಳದ ಹಿಂದೆ ಯಾರೋ ಬಿದ್ದು ಬಿದ್ದು ನಗುವುದೂ ಕೇಳಿಸುತ್ತಿತ್ತು. ನಿಂಗರಾಜನಿಗೆ ಆ ನಗು ಗೊತ್ತು. ಮಂಜುಳಾ. ಭೂಮಿ ಬಾಯಿ ತೆರೆದರೆ ಒಳಗೆ ಹೋಗಿ ಅಲ್ಲೇ ಒಂದು ಡಿಟಿಪಿ ಅಂಗಡಿ ಹಾಕಿಕೊಂಡು ಇದ್ದುಬಿಡೋಣ ಎನಿಸಿತು.

ಫೋನಿಟ್ಟ ನಿಜಗುಣಪ್ಪ ಬೆವರೊರೆಸಿಕೊಂಡು ತಿರುಗಿದ. "ಏನಾಗೇತಿ ಇದಕ್ಕ?"

ನಿಂಗರಾಜ ಹೇಳಿದ. ಖಾನಾವಳಿಯ ಮಜ್ಜಿಗೆಯ ಉದಾಹರಣೆಯನ್ನೂ ಕೊಟ್ಟ. ನಿಜಗುಣಪ್ಪನಿಗೆ ಮಜ್ಜಿಗೆಯಷ್ಟೇ ತಿಳಿಯಿತು.

"ನನಗ ಅದೆಲ್ಲಾ ಗೊತ್ತಿಲ್ಲ. ಪ್ರಶ್ನೆ ಕೇಳೂಕಿಂತ ಮೊದಲ ಹೆಂಗಿತ್ತೋ, ಉತ್ತರ ಕೊಟ್ಟ ಮ್ಯಾಲೂ ಹಂಗ ಇರಬೇಕು. ನಡುವ ಯಾರರ ಬರಲಿ, ಏನರ ಒತ್ತಲಿ, ಇದ್ದದ್ದು ಇದ್ದಂಗ! ಒಂದ ಅಕ್ಷರ ಆಕಡಿ ಈಕಡಿ ಆತಂದ್ರ ನಾಳೆಯಿಂದ ನೀ ಬರಬ್ಯಾಡ."

"ರೀಸ್ಟಾರ್ಟ್ ಮಾಡು" ಎಂದ ಸಂಜು. ಜಗತ್ತಿನ ಯಾವ ರೋಗಕ್ಕೂ ಅವನಲ್ಲಿ ಎರಡೇ ಔಷಧ. ಒಂದು ರೀಸ್ಟಾರ್ಟು, ಅದಕ್ಕೂ ಬಗ್ಗದಿದ್ದರೆ ಹೊಸ ಬ್ಯಾಟರಿ.

ನಿಂಗರಾಜನಿಗೆ ನಿಜವಾದ ಔಷಧ ಗೊತ್ತಿತ್ತು. ಅದು ಬಹಳ ಸಣ್ಣದು. ಪ್ರಶ್ನೆ ಕೇಳುವ ಮೊದಲು, ಸಿಕ್ಕ ಜಾಗದ ನೆನಪನ್ನು ಬೇರೊಂದು ಕಡೆ ಎತ್ತಿಟ್ಟುಕೊಳ್ಳಬೇಕು. ಉತ್ತರ ಬಂದ ಮೇಲೆ ಅದನ್ನು ತಂದು ಮೊದಲಿನ ಸ್ಥಾನದಲ್ಲಿ ಇಡಬೇಕು. ಅಷ್ಟು ಬರೆದರೆ ಸಾಕಿತ್ತು. ಬರೆದೂ ಬರೆದ.

"ಬರೇ ಜಾಗ ಉಳಿಸಿದ್ರ ಏನ್ ಬಂತು?" ಎಂದು ಸಂಜು ಹೆಗಲ ಮೇಲಿಂದ ಬಗ್ಗಿದ. "ಆ ಜಾಗದಾಗಿನ ಅಕ್ಷರ ಯಾರರ ಬದಲಿ ಮಾಡಿದ್ರ? ನಾವು ಫೋನಿಂದು ಪೂರ್ತಿ ಬ್ಯಾಕಪ್ ತಗದ ಇಡತೇವಲ್ಲ, ಹಂಗ ಇಡೀ ಪುಟಾನ ಎತ್ತಿಡು."

ಬೇರೆ ದಿನವಾಗಿದ್ದರೆ ನಿಂಗರಾಜ ನಕ್ಕು ಸುಮ್ಮನಾಗುತ್ತಿದ್ದ. ಆದರೆ 'ಒಂದ ಅಕ್ಷರ' ಎಂಬ ಮಾಲಕನ ಮಾತು ಕಿವಿಯಲ್ಲಿ ನೊಣದ ಹಾಗೆ ಕೂತಿತ್ತು. ಕಳ್ಳರ ಭಯ ಹತ್ತಿದವನು ಒಂದು ಬಾಗಿಲಿಗೆ ಮೂರು ಕೀಲಿ ಹಾಕುತ್ತಾನೆ. ಅವನು ಇಡೀ ಪುಟವನ್ನೇ ಎತ್ತಿಟ್ಟು, ಉತ್ತರ ಬಂದೊಡನೆ ಹಾಗೆಯೇ ಮರಳಿ ಇಡುವಂತೆ ಕೋಡು ಬರೆದ.

ಪರೀಕ್ಷೆ ಮಾಡಿ ನೋಡಿದರು. ಮಾನಪತ್ರ ಪ್ರಶ್ನೆ ಕೇಳಿ ಕಾಯುತ್ತಿದ್ದಾಗ ಸಂಜು ಹೋರಿಯ ಫೈಲಿಗೆ ಹೋಗಿ ಸಿಕ್ಕಸಿಕ್ಕದ್ದನ್ನು ಹುಡುಕಿದ. ನಿಜಗುಣಪ್ಪ ಎರಡೂ ಕೈಯಿಂದ ಕೀಬೋರ್ಡನ್ನು ಚಕ್ಕುಲಿ ಹಿಟ್ಟಿನಂತೆ ನಾದಿದ. ನಿಂಗರಾಜ ಉತ್ತರ ಕೊಟ್ಟ. ಉತ್ತರ ಅಧ್ಯಕ್ಷರ ಗೆರೆಯಲ್ಲೇ ಹೋಗಿ ಕುಳಿತಿತು. ಪುಟ ಇದ್ದಂತೆಯೇ ಇತ್ತು.

"ಇದಕ್ಕ ಅಂತಾರ ಮಿಷನ್!" ಎಂದ ನಿಜಗುಣಪ್ಪ.

ಹೋರಿಯ ಬ್ಯಾನರ್ ಮತ್ತೆ ತುಂಬಿ ಫ್ಲೆಕ್ಸ್ ಯಂತ್ರಕ್ಕೆ ಕಳಿಸಿದ್ದಾಯಿತು. "ಅವಿರೋಧ ಅನ್ನೂದು ಇರಲಿ, ತಗೀಬ್ಯಾಡ್ರಿ" ಎಂದು ಲಗಮಣ್ಣ ಹಟ ಹಿಡಿದದ್ದರಿಂದ ಅದೊಂದು ಉಳಿಯಿತು. ಆಮೇಲೆ ಮಾನಪತ್ರ. ಹೆಸರು, ಊರು, ಸರಳತೆ, ಪ್ರಚಾರದಿಂದ ದೂರ, ಎಲ್ಲ ಅದರದರ ಜಾಗದಲ್ಲಿ ಕುಳಿತವು. ಕಡೆಯ ಪ್ರಶ್ನೆ ಪರದೆಯ ಕೆಳಗೆ ಮೂಡಿತು. "ಎಲ್ಲ ತುಂಬಿತು. ಪ್ರಿಂಟ್ ಮಾಡಲೇ?"

ನಿಂಗರಾಜ ಉತ್ತರ ಒತ್ತಲು ಬೆರಳೆತ್ತಿದ್ದ. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಮಾಲಕ ಕೂಗಿದ. "ನಿಂಗ್ಯಾ! ಹೋರಿ ಸಿಕ್ಕೊಂಡೈತಿ ಬಾರೋ!"

ಫ್ಲೆಕ್ಸು ಕೊಂಬಿನ ಹತ್ತಿರ ಮಡಚಿ ಯಂತ್ರದೊಳಗೆ ಸಿಲುಕಿತ್ತು. ನಿಂಗರಾಜ ಒಳಗೋಡಿದ. ಸರದಾರನನ್ನು ಕೊಂಬು ಹಿಡಿದು ಎಳೆದೆಳೆದು ಹೊರಗೆ ತಂದು, ಲಗಮಣ್ಣನ ಕೈಗೆ ಕೊಟ್ಟು, ಮೈ ಕೈಯೆಲ್ಲ ಮಸಿಯಾಗಿ ಮುಂದಿನ ಕೋಣೆಗೆ ಬಂದರೆ ತನ್ನ ಕುರ್ಚಿಯಲ್ಲಿ ಮಂಜುಳಾ ಕುಳಿತಿದ್ದಳು. ಸ್ಕೂಟಿಯ ಕೀಲಿ ಮೇಜಿನ ಮೇಲಿತ್ತು.

"ಅಪ್ಪ ಒಂದು ತಿದ್ದುಪಡಿ ಹೇಳಿ ಕಳಿಸ್ಯಾರ" ಎಂದಳು. "ನೀ ಒಳಗಿದ್ದಿ. ನಾನ ಟೈಪ್ ಮಾಡೇನಿ."

"ಎಲ್ಲಿ, ನೋಡೂಣು."

"ಏ, ಓದಬ್ಯಾಡ!" ಎಂದು ಅವಳು ಎದ್ದು ಪರದೆಗೆ ಅಡ್ಡ ನಿಂತಳು. "ಸಂಜೀಕ ಸ್ಟೇಜಿನ ಮುಂದ ಕುಂತು ಕೇಳಸ್ಕೊ. ಅಲ್ಲೀತನಕ ನೋಡೂದಿಲ್ಲ ಅಂತ ಆಣಿ ಮಾಡು."

"ಅಪ್ಪಾರು ಭಾಳ ಸಿಟ್ಟಾಗ್ಯಾರೇನು?"

"ಆಗಿದ್ರು." ಅವಳಿಗೆ ಮತ್ತೆ ನಗು ಬಂತು. "ಹಿಂಡಿ ಓದಿ ನನಗ ನಗು ತಡಿಯಾಕ ಆಗಲಿಲ್ಲ. ಯಾಕಷ್ಟು ನಗತಿ ಅಂತ ಕೇಳಿದ್ರು. ಆಮ್ಯಾಲೆ ಭಾಳ ಹೊತ್ತು ಮಾತಾಡಿದ್ವಿ. ನೀ ಛಲೋ ಅಂಗಿ ಹಾಕ್ಕೊಂಡು ಬಾ. ಈ ಮಸಿ ಮಾರಿ ತಗೊಂಡು ಬರಬ್ಯಾಡ."

ಅಷ್ಟು ಹೇಳಿ ಕೆಂಪಗಾಗಿ, ಕೀಲಿ ತೆಗೆದುಕೊಂಡು ಹೊರಟುಹೋದಳು.

ನಿಂಗರಾಜ ಆಣೆಗೆ ತಪ್ಪುವವನಲ್ಲ. ಮಾನಪತ್ರ ಕಣ್ಣಿಗೆ ಬೀಳದಂತೆ ಅಂಗೈ ಅಡ್ಡ ಹಿಡಿದು, ಕೆಳಗಿನ ಪ್ರಶ್ನೆಯನ್ನಷ್ಟೇ ನೋಡಿದ. ಅದು ಇನ್ನೂ ಕಾಯುತ್ತಿತ್ತು, "ಪ್ರಿಂಟ್ ಮಾಡಲೇ?" 'ಹೌದು' ಒತ್ತಿದ. ಪ್ರಿಂಟರು ಗುಂಯ್ ಎಂದು ಹಾಳೆ ಕೊಟ್ಟಿತು. ಅದನ್ನು ಮಗುಚಿ ಹಿಡಿದು ಮಾಲಕನಿಗೆ ಕೊಟ್ಟು, "ನೀವ ಒಂದ ಸಲ ನೋಡ್ರಿ" ಎಂದ.

ನಿಜಗುಣಪ್ಪ ಮೇಲಿಂದ ಕೆಳತನಕ ಓದಿದ. "ಹಲ್ಲಿಲ್ಲ, ಹಿಂಡಿಲ್ಲ, ಹಗ್ಗಿಲ್ಲ. ಛಲೋ ಐತಿ." ಗಾಜಿನ ಚೌಕಟ್ಟು ಹಾಕಿಸಿ, ಹೊಳೆಯುವ ಕಾಗದ ಸುತ್ತಿ, ರಿಬ್ಬನ್ ಕಟ್ಟಿಬಿಟ್ಟ.

ನಿಂಗರಾಜ ಮನೆಗೆ ಹೋಗಿ ಬಿಳಿ ಅಂಗಿ ಹಾಕಿಕೊಂಡು ಬಂದ. ಹಿಂದೆ ಮಾಲಕ, ಮಾಲಕನ ತೊಡೆಯ ಮೇಲೆ ಮಾನಪತ್ರ. ಬೈಕು ಸಂಪಗಾಂವದ ಹಾದಿ ಹಿಡಿಯಿತು. ದಾರಿಗಡ್ಡ ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿಗೆ ಹೊರಟ ಕಬ್ಬಿನ ಟ್ರ್ಯಾಕ್ಟರು, ಅದರ ಹಿಂದೆ ಕಬ್ಬು ಹೇರಿದ ಎರಡು ಡಬ್ಬಿ, ಟೇಪಿನಲ್ಲಿ ಊರೆಲ್ಲ ಕುಣಿಯುವಂಥ ಹಾಡು. ಹಾರ್ನು ಹಾಕಿದಷ್ಟೂ ಹಾಡಿನ ಸದ್ದು ಏರುತ್ತಿತ್ತು. ಓವರ್‌ಟೇಕ್ ಮಾಡಿ ಹೊರಬರುವ ಹೊತ್ತಿಗೆ ಬಿಳಿ ಅಂಗಿ ಧೂಳು ಕುಡಿದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು.

ಸಂಪಗಾಂವದಲ್ಲಿ ಪೆಂಡಾಲು ತುಂಬಿತ್ತು. ಪ್ರಚಾರದಿಂದ ಸದಾ ದೂರ ಉಳಿದವರ ಆಳೆತ್ತರದ ಫೋಟೋಗಳು ಸುತ್ತಲೂ ನಿಂತಿದ್ದವು. ನಿಂಗರಾಜ ಹಿಂದಿನ ಸಾಲಿನಲ್ಲಿ ಕೂರಲು ಹೋದರೆ, ಮಂಜುಳಾಳ ತಾಯಿ ಸೋಮವ್ವ ತಾವೇ ಎದ್ದು ಬಂದು, "ಅಲ್ಯಾಕಪ್ಪ, ಮುಂದ ಬಾ. ಊಟ ಮಾಡೇ ಹೋಗಬೇಕು ನೋಡು" ಎಂದು ಮುಂದಿನ ಸಾಲಿಗೆ ಕರೆದೊಯ್ದರು. ಪಕ್ಕದಲ್ಲಿ ತಲೆಗೆ ಪಟಗ ಸುತ್ತಿಕೊಂಡಿದ್ದ ಹಿರಿಯರಿಬ್ಬರು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಇವನ ಏನು?" ಎಂದರು ಒಬ್ಬರು.

"ಹೂಂ. ಎತ್ತರ ಅದಾನ" ಎಂದರು ಇನ್ನೊಬ್ಬರು. "ಬಣ್ಣ ಸ್ವಲ್ಪ ಮಣ್ಣ ಮಣ್ಣ ಐತಿ."

ಹಿಂಡಿಯ ಸುದ್ದಿ ಇಲ್ಲಿಯತನಕ ಬಂದು, ಅದನ್ನು ಬರೆದವನನ್ನು ಗುರುತು ಹಿಡಿಯುತ್ತಿದ್ದಾರೆ ಎಂದುಕೊಂಡು ನಿಂಗರಾಜ ಕುರ್ಚಿಯಲ್ಲಿ ಆದಷ್ಟು ಕುಗ್ಗಿದ. ಆಚೆ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟಿದ್ದ ಮಂಜುಳಾ ತಿರುಗಿ ನೋಡಿ ನಕ್ಕಳು. ಆಗ ಸ್ವಲ್ಪ ಉಬ್ಬಿದ.

ನಿರೂಪಕ ಸಂದೀಪ ಏನನ್ನು ಓದಿದರೂ ಯುದ್ಧ ಸಾರಿದ ಹಾಗೆ ಓದುತ್ತಿದ್ದ. ಮಾನಪತ್ರ ಬಿಚ್ಚಿ ಮೈಕಿನ ಮುಂದೆ ನಿಂತ. "ಬಾಲ್ಯದಿಂದಲೇ!" ಎಂದಾಗ ಮುಂದಿನ ಸಾಲಿನ ಕೂಸೊಂದು ಅತ್ತಿತು. ನಿಂಗರಾಜ ಉಸಿರು ಹಿಡಿದು ಒಂದೊಂದೇ ಶಬ್ದ ಕೇಳಿಸಿಕೊಂಡ. ಹಲ್ಲು ಬರಲಿಲ್ಲ. ಹುರುಳಿ ಬರಲಿಲ್ಲ. "ಪ್ರಚಾರದಿಂದ ಸದಾ ದೂರ!" ಎಂದಾಗ ಚಪ್ಪಾಳೆ ಬಿತ್ತು. ಕೋಡು ಬರೆದವನಿಗೆ ಇದಕ್ಕಿಂತ ದೊಡ್ಡ ಸುಖ ಯಾವುದು? ತನಗೇ ಶಾಲು ಹೊದಿಸಿದ ಹಾಗಾಯಿತು.

"ಭಗವಂತನು ಆಯುರಾರೋಗ್ಯ ಕರುಣಿಸಲೆಂದು ಹಾರೈಸುವ, ಸಮಸ್ತ ಅಭಿಮಾನಿಗಳು!" ಸಂದೀಪ ಮುಗಿಸಿ ಬೆವರೊರೆಸಿಕೊಂಡ.

ವೇದಿಕೆಯ ಮೇಲೆ ಬಸವಲಿಂಗಪ್ಪನವರು ಒಂದು ಕೈ ಎತ್ತಿಕೊಂಡು, ಮುಖದಲ್ಲಿ ನಗು ಸಿದ್ಧ ಮಾಡಿಕೊಂಡು ನಿಂತಿದ್ದರು. ಕೈ ಎತ್ತಿದಂತೆಯೇ ಉಳಿಯಿತು.

"ಮುಂದ ಓದಪ್ಪ" ಎಂದರು.

"ಮುಗೀತ್ರಿ."

"ಮುಗದಿಲ್ಲ. ಕೆಳಗ ಇನ್ನೊಂದು ಸಾಲು ಐತಿ, ನೋಡು."

ಸಂದೀಪ ಚೌಕಟ್ಟನ್ನು ಕಣ್ಣ ಹತ್ತಿರ ತಂದ. ಅಧ್ಯಕ್ಷರ ಮಾತು ಮೀರಬಾರದೆಂದು ಮೈಕಿನಲ್ಲೇ ಗುಡುಗಿದ. "ನಿಜಗುಣ ಗ್ರಾಫಿಕ್ಸ್! ಬಜಾರ! ಬೈಲಹೊಂಗಲ!"

ನಾಲ್ಕಾರು ಜನ ಚಪ್ಪಾಳೆ ತಟ್ಟಿದರು. ನಿಜಗುಣಪ್ಪ ಎದ್ದು ನಿಂತು ನಾಲ್ಕೂ ಕಡೆ ಕೈಮುಗಿದ.

ಪಟಗದ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೋಮವ್ವ ಸೆರಗನ್ನು ಬಾಯಿಗೆ ಹಿಡಿದರು. ಮಂಜುಳಾ ಎದ್ದು, ಯಾರ ಕಡೆಗೂ ನೋಡದೆ ಪೆಂಡಾಲಿನ ಹಿಂದಕ್ಕೆ ನಡೆದಳು. ನಿಂಗರಾಜ ಏನೊಂದೂ ತಿಳಿಯದೆ ಬೆನ್ನು ಹತ್ತಿದ. ಅಡುಗೆಯ ದೊಡ್ಡ ಪಾತ್ರೆಗಳ ಹತ್ತಿರ ಅವಳು ತಿರುಗಿ ನಿಂತಳು. ಕಣ್ಣು ತುಂಬಿತ್ತು.

"ಯಾಕ ಅಳಿಸಿದಿ?"

"ಏನು?"

"ಕಡೀ ಸಾಲು. 'ಈ ಶುಭದಿನದಂದು ನಮ್ಮ ಮಗಳು ಮಂಜುಳಾಳನ್ನು ಬೈಲಹೊಂಗಲದ ಚಿರಂಜೀವಿ ನಿಂಗರಾಜನಿಗೆ ಕೊಡಲು ನಿಶ್ಚಯಿಸಿದ್ದೇವೆ.' ನಾನ ನನ್ನ ಕೈಯಾರೆ ಬರದಿದ್ದೆ. ಅಪ್ಪ ಒಪ್ಪಿದ್ರು. 'ಆ ಹುಡುಗಗ ಬಾಯಿಬಿಟ್ಟು ಕೇಳೂ ಧೈರ್ಯ ಇಲ್ಲ, ನಾನ ನಾಲ್ಕ ಮಂದಿ ಮುಂದ ಸಾರಿಬಿಡತೇನಿ' ಅಂದ್ರು. ಅಜ್ಜಾರು, ಕಾಕಾರು, ಎಲ್ಲಾರನ್ನೂ ಅದಕ್ಕ ಕರಸಿದ್ರು. ಒಲ್ಲೆ ಅನ್ನೂದಿದ್ರ ನನಗ ಹೇಳಬೇಕಿತ್ತು. ಅಳಿಸಬಾರದಿತ್ತು."

ನಿಂಗರಾಜನಿಗೆ ಈಗ ಎಲ್ಲ ಹೊಳೆಯಿತು. ಅವಳು ಟೈಪು ಮಾಡಿದಾಗ ಕಂಪ್ಯೂಟರು ಪ್ರಶ್ನೆ ಕೇಳಿ ಕಾಯುತ್ತಿತ್ತು. ಕೇಳುವ ಮೊದಲೇ ಇಡೀ ಪುಟವನ್ನು ಎತ್ತಿಟ್ಟುಕೊಂಡಿತ್ತು. ಅವನು 'ಹೌದು' ಎಂದೊಡನೆ, ನಡುವೆ ಬಂದದ್ದನ್ನೆಲ್ಲ ಒರೆಸಿ, ಮೊದಲಿನ ಪುಟವನ್ನು ಜೋಪಾನವಾಗಿ ತಂದಿಟ್ಟಿತ್ತು.

"ನಾ ಅಳಿಸಿಲ್ಲ ಮಂಜು! ಖರೇನ ಅಳಿಸಿಲ್ಲ. ಅದು ಕೋಡು ಮಾಡಿದ್ದು."

"ಕೋಡು ಬರದಾಂವ ಯಾರು?" ಹಿಂದಿನಿಂದ ದನಿ ಬಂತು. ಬಸವಲಿಂಗಪ್ಪನವರು ಪೇಟ, ಹಾರ, ಶಾಲುಗಳ ಸಮೇತ ಇಳಿದು ಬಂದಿದ್ದರು.

"ನಾನ್ರಿ."

"ಹಂಗಾದ್ರ ಅಳಿಸಿದಾಂವ ಯಾರು?"

ಬಿ.ಸಿ.ಎ.ಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ನಿಜಗುಣಪ್ಪ ಓಡಿಬಂದ. ಅಂಗಡಿಯ ಹೆಸರಿಗೆ ಏನೋ ಧಕ್ಕೆ ಬಂದಿದೆ ಎಂದಷ್ಟೇ ಅವನಿಗೆ ತಿಳಿದಿತ್ತು. "ಸಾಹುಕಾರ್ರ, ನಮ್ಮ ಮಿಷನ್ ಮ್ಯಾಲೆ ಸಂಶೆ ಪಡಬ್ಯಾಡ್ರಿ" ಎಂದ. "ನಡುವ ಯಾರರ ಬಂದು ಏನರ ಸೇರಿಸಿದ್ರ ಅದು ನಿಂದರಬಾರದು ಅಂತ ಇವತ್ತ ಇವನ ಕಡೆ ಹೇಳಿ ಮಾಡಿಸೇನ್ರಿ. ಸ್ಪೆಷಲ್!"

"ಹೇಳಿ ಮಾಡಿಸೀರಿ" ಎಂದರು ಬಸವಲಿಂಗಪ್ಪನವರು. ಮೀಸೆ ಅದುರಿತು.

ಇನ್ನು ಸುಮ್ಮನಿದ್ದರೆ ಎಲ್ಲ ಮುಗಿಯಿತು ಎಂದು ನಿಂಗರಾಜನಿಗೆ ಗೊತ್ತಾಯಿತು. ಎಲ್ಲಿಂದ ಬಂತೋ ಧೈರ್ಯ, ಮಸಿ ಹೋಗದ ಕೈಯೆರಡನ್ನೂ ಜೋಡಿಸಿದ. ಅಡುಗೆಯವರು ಸೌಟು ಹಿಡಿದಲ್ಲೇ ನಿಂತರು.

"ಸಾಹುಕಾರ್ರ, ತಪ್ಪಾತ್ರಿ. ನಿಮ್ಮ ಮಗಳನ್ನ ನನಗ ಕೊಡ್ರಿ. ಬಾಯಿಬಿಟ್ಟು ಕೇಳಾಕ ಹತ್ತೇನಿ."

ಮಂಜುಳಾ ತಲೆಯೆತ್ತಿದಳು. ಬಸವಲಿಂಗಪ್ಪನವರು ಅವನ ಮಸಿ ಕೈ ನೋಡಿದರು. ನಿಜವಾಗಿ ಅವರು ಕೆಟ್ಟವರಲ್ಲ. ಮುಖ ಸ್ವಲ್ಪ ಮೆತ್ತಗಾಯಿತು.

"ಹುಡುಗ ನೀ ಕೆಟ್ಟಾಂವ ಅಲ್ಲ" ಎಂದರು. "ಕೊಡಾಕ ನನ್ನ ತಕರಾರ ಇಲ್ಲ. ಆದ್ರ ಇಂಥಾ ಮಾತು ಹಿಂಗ ಸಾರಿನ ಹಂಡೇದ ಮುಂದ ಹೇಳೂದಲ್ಲ. ಸ್ಟೇಜ್ ಬೇಕು, ಮೈಕ್ ಬೇಕು, ನಾಲ್ಕೂರ ಮಂದಿ ಕುಂತಿರಬೇಕು. ಇವತ್ತ ಎಲ್ಲಾ ಇತ್ತು. ಅದನ್ನ ನೀ ಅಳಿಸಿದಿ. ಇನ್ನ ನನಗ ಮುಂದಿನ ಸನ್ಮಾನ ಎಪ್ಪತ್ತಕ್ಕ. ಅವಾಗ ನೋಡೂಣು."

"ಎಪ್ಪತ್ತಕ್ಕ?" ಎಂದು ನಿಂಗರಾಜನೂ ಮಂಜುಳಾಳೂ ಒಟ್ಟಿಗೇ ಕೇಳಿದರು.

ಅವರು ಆಗಲೇ ಹಾರ ಸರಿಮಾಡಿಕೊಂಡು ವೇದಿಕೆಯ ಕಡೆ ಹೊರಟಿದ್ದರು. ನಿಜಗುಣಪ್ಪ ಅವರ ಬೆನ್ನಿಗೇ ಓಡಿದ. ಸ್ವಲ್ಪ ಹೊತ್ತಿನ ಮೇಲೆ ಅರಳಿದ ಮುಖ ಹೊತ್ತು ಮರಳಿ ಬಂದು ನಿಂಗರಾಜನ ಹೆಗಲು ತಟ್ಟಿದ.

"ಚಿಂತಿ ಮಾಡಬ್ಯಾಡೋ. ಎಪ್ಪತ್ತರದೂ ಮಾನಪತ್ರ ನಮಗ ಕೊಡತಾರಂತ, ಮಾತಾಡಿ ಬಂದೇನಿ."